ಕಡವಿನಲ್ಲಿ ದೋಣಿ ಕಟ್ಟಿದ ದಿನ

ಮೊನ್ನೆ ಭಾನುವಾರ ಕಾವೇರಿಯಲ್ಲಿ ಪ್ರವಾಸಿಗರ ಪುಟ್ಟ ಕಯಾಕ್ ದೋಣಿಗಳನ್ನು ಇಳಿಸುವ ಕಡೆ ಯಾರೋ ಬೇಲಿಯ ಕಂಬಗಳಿಗೆ ಗೇರುಬೀಜದ ಸಿಪ್ಪೆಯ ಗೇರೆಣ್ಣೆ ಬಳಿಯುತ್ತಿದ್ದರು. ಆ ಕಟು ವಾಸನೆ ಮೂಗಿಗೆ ಬಡಿದದ್ದೇ ಹೊಳೆ ದಾಟುವ ನಮ್ಮ ಕಡವಿನ ಅಂಬಿಗ, ದೋಣಿ ಮಾವ, ಕಣ್ಣೆದುರು ಬಂದು ನಿಂತರು. ಬೇಸಿಗೆಯಲ್ಲಿ ದೋಣಿ ಕವುಚಿ ಹಾಕಿ ಅವರು ಬಳಿಯುತ್ತಿದ್ದದ್ದು ಇದೇ ಎಣ್ಣೆ. ಆಮೇಲೆ ಎಷ್ಟೋ ದಿನ ನನ್ನ ಪುಸ್ತಕಗಳೂ ಅದೇ ವಾಸನೆ ಹೊಡೆಯುತ್ತಿದ್ದವು…

ನಮ್ಮದು ಕಾವೇರಿಯ ದಡದ ಎಸ್ಟೇಟ್ ಕಾರ್ಮಿಕರ ಲೈನಿನ ಮನೆ. ನಮ್ಮವರಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಾಲೇಜಿಗೆ ಹೋಗಲು ಮೂರ್ನಾಡಿನ ಬಸ್ಸು ಹಿಡಿಯಬೇಕು, ಬಸ್ಸಿಗೆ ಮೊದಲು ಹೊಳೆ ದಾಟಬೇಕು. ಹೊಳೆಗೆ ಹೆದರಿ ಓದು ಬಿಡಿಸಲು ಹೊರಟಿದ್ದ ಅಪ್ಪನಿಗೆ, ಇವಳನ್ನು ದಾಟಿಸುವುದು ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟವರು ಮಾವ. ನನ್ನನ್ನು ಕರೆಯುತ್ತಿದ್ದದ್ದೇ ‘ಡಿಗ್ರಿ’ ಎಂದು. ದೋಣಿಯಲ್ಲಿ ನಿಂತರೆ ಗದರುತ್ತಿದ್ದರು: “ಡಿಗ್ರಿ, ಕೂತ್ಕೊ. ನೀನು ಮುಳುಗಿದ್ರೆ ನಿನ್ನಪ್ಪ ನನ್ನನ್ನು ಮುಳುಗಿಸ್ತಾನೆ.”

ಕಡವಿಗೊಂದು ಕಟ್ಟಳೆಯಿತ್ತು. ನೀರು ಮೇಲಿನ ಮೆಟ್ಟಿಲು ಮುಟ್ಟಿತೆಂದರೆ ದೋಣಿ ಕಟ್ಟಬೇಕು. ಮದುವೆಯಿರಲಿ, ಸಾವಿರಲಿ, ಬಿಚ್ಚುವಂತಿಲ್ಲ. ಕೊನೆಯ ವರ್ಷದ ಪರೀಕ್ಷೆಯ ದಿನ, ಬೆಳಕು ಹರಿಯುವಾಗ ಹೋಗಿ ನೋಡಿದರೆ ಆ ಮೆಟ್ಟಿಲು ನೀರಿನಡಿ ಹೋಗಿತ್ತು. ಈ ಪರೀಕ್ಷೆ ತಪ್ಪಿದರೆ ಅಪ್ಪ ಇನ್ನೊಮ್ಮೆ ಕಳಿಸುವುದಿಲ್ಲ. ಅಳುತ್ತಾ ಮಾವನನ್ನು ಬೇಡಿಕೊಂಡೆ. ಮಾವ ಹಗ್ಗದ ಗಂಟನ್ನು ಮತ್ತಷ್ಟು ಬಿಗಿದು, ಮಳೆಗೆಂದು ತಲೆಗೆ ಕಂಬಳಿಯ ಗೊಪ್ಪೆ ಹಾಕಿಕೊಂಡರು.

“ದೋಣಿ ಬಿಡೂದಿಲ್ಲ. ನಿಂಗೆ ಕಾಲಿಲ್ವಾ? ನಡಿ.”

ಕಾಫಿ ತೋಟಗಳ ಒಳಗೆ, ಜಿಗಣೆ ಕೀಳುತ್ತಾ, ದಡ ಹಿಡಿದು ದೂರದ ಸೇತುವೆಯವರೆಗೆ ನಡೆದೆವು. ದಾರಿಯುದ್ದಕ್ಕೂ ಹೊಳೆಯ ಕಥೆ ಹೇಳಿದರು. ಅವರ ಅಜ್ಜ ಬಿದಿರನ್ನು ತೆಪ್ಪ ಕಟ್ಟಿ ಕೆಳಗಿನ ಊರುಗಳಿಗೆ ಬಿಡುತ್ತಿದ್ದದ್ದು, ಎತ್ತುಗಳನ್ನು ಈಜಿಸಿ ದಾಟಿಸುತ್ತಿದ್ದದ್ದು, ನಮ್ಮ ದಡಕ್ಕೆ ಬಂದ ಸೊಸೆಯಂದಿರೆಲ್ಲ ದೋಣಿಯಲ್ಲಿ ಅತ್ತದ್ದು… ನೀನು ಅತ್ತರೆ ಈ ಹೊಳೆಗೆ ಹೊಸದೇನಲ್ಲ ಎಂದು ನಗಿಸಿದರು. ಸೇತುವೆಯ ಬಳಿ ಹಾಲಿನ ಜೀಪು ನಿಲ್ಲಿಸಿ ಹತ್ತಿಸಿದರು. ತಡವಾಗಿ ತಲುಪಿದೆ, ಒಳಗೆ ಬಿಟ್ಟರು. ಒದ್ದೆ ಬಟ್ಟೆಯಲ್ಲೇ ಬರೆದು ಪಾಸಾದೆ.

ಮುಂದಿನ ಬೇಸಿಗೆಯಲ್ಲಿ ಕಡವಿನಿಂದ ಕೂಗಳತೆ ದೂರದಲ್ಲಿ ಹೊಳೆಗೆ ತೂಗುಸೇತುವೆ ಬಂತು. ಒಳ್ಳೆಯದೇ ಆಯಿತು, ಮಾವನೂ ಹಾಗೆಯೇ ಹೇಳಿದರು. ಆದರೂ ಬೆಳಿಗ್ಗೆ ಬಂದು ಖಾಲಿ ದೋಣಿಯಲ್ಲಿ ಕೂರುತ್ತಿದ್ದರು. ಕೆಲಸ ಸಿಕ್ಕಿ ಸೋಮವಾರಪೇಟೆಗೆ ಹೊರಟ ದಿನ ನಾನು ಕಡವಿಗೇ ಇಳಿದೆ.

“ಸೇತುವೆ ಉಂಟಲ್ಲ ಮಾರಾಯ್ತಿ,” ಎಂದರು. ಆದರೆ ಆಗಲೇ ಹಗ್ಗ ಬಿಚ್ಚುತ್ತಿದ್ದರು. ನಡುನೀರಿನಲ್ಲಿ ದೋಣಿ ನೂಕುವ ಜಲ್ಲೆ ಎತ್ತಿ ಹಿಡಿದು ಸ್ವಲ್ಪ ಹೊತ್ತು ದೋಣಿಯನ್ನು ಅದರ ಪಾಡಿಗೆ ಬಿಟ್ಟರು.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಾಗ ತಿಥಿಯೂ ಮುಗಿದಿತ್ತು.

ಅದೇ ಭಾನುವಾರ ಕಯಾಕಿನಲ್ಲಿ ಕಡವಿದ್ದ ತಿರುವಿಗೆ ಬಂದಾಗ ಹುಟ್ಟು ಹಾಕುವುದನ್ನು ನಿಲ್ಲಿಸಿದೆ. ದಡದಲ್ಲಿ ಲಾಂಟಾನ ಪೊದೆ ಬಿಟ್ಟರೆ ಏನೂ ಇಲ್ಲ. ಇನ್ನೊಂದು ಕಯಾಕಿನಲ್ಲಿ ಜೊತೆಗೆ ಬಂದಿದ್ದ ಗೈಡ್ ಕೇಳಿದರು, “ಇಲ್ಲಿ ಎಂತ ಇತ್ತು ಮೇಡಂ?”

“ದಾರಿ ಇತ್ತು,” ಎಂದೆ.

ಅವರು ದಡದ ಪೊದೆಗಳ ನಡುವೆ ಆ ದಾರಿಯನ್ನು ಕಣ್ಣಲ್ಲೇ ಹುಡುಕತೊಡಗಿದರು. ನಾನು ನೀರನ್ನು ನೋಡುತ್ತಿದ್ದೆ.