ಮುಕ್ಕಾಲು ತಾಳ

ಹೊಸ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಶಂಕರಕಾಕಾನ ಮೇಲೆ ತಿರಸ್ಕಾರ ಉಕ್ಕುತ್ತದೆ. ತೊಂಬತ್ತರ ದಶಕದಲ್ಲಿ ನಾವು ಖಡಕಿಯಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೆವು. ಅಪ್ಪನ ತಮ್ಮನಾದ ಈ ಕಾಕಾನೂ ಜೊತೆಗಿದ್ದ. ರವಿವಾರ ಸಂಜೆ ಜಮಖಾನೆ ಹಾಸಿ, ಭಂಡಾರದ ಅರಿಶಿನ ಪುಡಿಯ ಬಟ್ಟಲು ನಡುವೆ ಇಟ್ಟು, ಅಕ್ಕಪಕ್ಕದವರೂ ಕೂಡಿ ಭಜನೆ. ಅವ್ವ ತನ್ನ ಕಲಬುರ್ಗಿ ಕಡೆಯ ಮೈಲಾರಲಿಂಗನ ಹಾಡು ಎತ್ತಿಕೊಳ್ಳುತ್ತಿದ್ದಳು. ಒಂದು, ಎರಡು, ಮೂರು. ಮತ್ತೆ ಒಂದು, ಎರಡು, ಮೂರು. ಒಂದರ ಮೇಲೆ ಭಾರ, ಉಳಿದೆರಡು ಹಗುರ. ತೊಟ್ಟಿಲು ತೂಗಿದ ಹಾಗೆ ಹಾಡು ಹೋಗಿ ಬರುತ್ತಿತ್ತು. ವಾರವೆಲ್ಲ ಅವ್ವನ ಮಾತಿಗೆ ಕಿವಿಗೊಡದ ಮನೆ ಅಷ್ಟು ಹೊತ್ತು ಮಾತ್ರ ಸುಮ್ಮನೆ ಕೂತು ಕೇಳುತ್ತಿತ್ತು. ಅವಳಿಗೆ ಅಂತ ಇದ್ದದ್ದು ಅದೊಂದೇ.

ಅಂಥ ಮನೆಗೆ ಕಾಕಾ ರೆಕ್ಸಿನ್ ಚೀಲದಲ್ಲಿ ಕೀಬೋರ್ಡು ಹೊತ್ತು ತಂದ. ತಾನೇ ತಾಳ ಹಾಕುವ ಗುಂಡಿಗಳಿದ್ದವು ಅದರಲ್ಲಿ. ಒಂದರ ಕೆಳಗೆ 3/4, ಇನ್ನೊಂದರ ಕೆಳಗೆ 4/4. ಮೇಲಿನ ಅಂಕಿ ಒಂದು ಸುತ್ತಿಗೆ ಎಷ್ಟು ಪೆಟ್ಟು ಎಂದು ಹೇಳುತ್ತದೆ, ಕೆಳಗಿನದು ಎಷ್ಟು ಉದ್ದದ ಸ್ವರಕ್ಕೆ ಒಂದು ಪೆಟ್ಟು ಎಂದು. ಇಷ್ಟೇ ಸಂಗತಿ, ಶಾಲೆಯ ಮಕ್ಕಳಿಗೂ ತಿಳಿಯುವಂಥದ್ದು. ನಮ್ಮ ಪಂಡಿತ ಅದನ್ನು ತರಕಾರಿ ತೂಕದ ಹಾಗೆ ಓದಿದ: ಒಂದು ಮುಕ್ಕಾಲು, ಇನ್ನೊಂದು ಪೂರ್ತಿ.

"ದೇವ್ರಿಗಿ ಮುಕ್ಕಾಲು ಯಾಕ್ರಿ ವೈನಿ? ಪೂರ್ತೀನೇ ಕೊಡಮು," ಅಂದು ನಾಲ್ಕರ ಗುಂಡಿ ಒತ್ತಿದ. ಕೂತವರೆಲ್ಲ ಎಂಥ ಭಕ್ತಿ ಎಂದು ತಲೆದೂಗಿದರು, ಅಪ್ಪನೂ. ಅವ್ವ ಮೂರು ಮುಗಿಸಿ ಮತ್ತೆ ಒಂದಕ್ಕೆ ಬಂದರೆ ಮಶೀನು ಇನ್ನೂ ನಾಲ್ಕನೆಯ ಪೆಟ್ಟು ಹೊಡೆಯುತ್ತಿತ್ತು. ಭಾರ ಬೀಳಬಾರದ ಕಡೆಯೆಲ್ಲ ಬೀಳತೊಡಗಿತು.

"ತಾಳ ತಪ್ಪಲಾಕತ್ತದ್ರಿ ನಿಮ್ದು. ಕಡೀಕ ಒಂದು 'ಹೋ' ಅನ್ರಿ, ಕೂಡ್ತದ," ಎಂದ ಕಾಕಾ.

ಅವ್ವ ಹಾಗೇ ಅಂದಳು. ಕೆಲವು ರವಿವಾರ ಸಾಲುಸಾಲಿಗೂ ಆ 'ಹೋ'ವನ್ನು ಹರಿದ ಸೀರೆಗೆ ತೇಪೆ ಹಾಕಿದಂತೆ ಹಾಕಿದಳು. ಹಾಡು ಬಡಿದು ಬಡಿದು ಕವಾಯತಾಯಿತು. ಮಂದಿಗೆ ಅದೇ ಹಿಡಿಸಿತು. ಒಂದು ಸಂಜೆ ನಡುವೆಯೇ ನಿಲ್ಲಿಸಿ, "ನೀವೇ ಹಾಡ್ರಿ ಶಂಕ್ರಪ್ಪ, ನನಗ ಚಾ ಇಡೋದದ," ಅಂದು ಎದ್ದು ಒಳಗೆ ಹೋದಳು. ಯಾರೂ ಕರೆಯಲಿಲ್ಲ. ಚಹಾ ಬಂದಾಗ ಕುಡಿದರು, ಇನ್ನೊಂದಿಷ್ಟು ಸಕ್ಕರೆ ಬೇಕಿತ್ತು ಎಂದರು.

ಮುಂದೆ ಅವ್ವ ಯಾವತ್ತೂ ಹಾಡಲಿಲ್ಲ. ಆ ಮನೆ ಕೆಡವಿದರು, ಅವ್ವನೂ ಹೋದಳು. ಈಗ ಅಕ್ಕಿ ಆರಿಸುತ್ತ ಕೂತಾಗ ನಾನು ಆ ಹಾಡು ಹಿಡಿಯಲು ನೋಡುತ್ತೇನೆ. ಮೂರಕ್ಕೇ ಮುಗಿಸಬೇಕೆಂದು ಗೊತ್ತು. ಆದರೂ ನಾಲಿಗೆ ಕೇಳುವುದಿಲ್ಲ, ಪ್ರತಿ ಸಾಲಿನ ಕೊನೆಗೂ ಕಾಕಾನ 'ಹೋ' ಬಂದು ಕೂರುತ್ತದೆ. ಅವ್ವ ಹಾಡುತ್ತಿದ್ದ ಹಾಗೆ ಅದನ್ನು ಬಲ್ಲವರು ಈಗ ಯಾರೂ ಉಳಿದಿಲ್ಲ.