ಓಟಿನ ಪಟ್ಟಿ ಬರೆಯುವ ರಾಯರು

ನಮ್ಮ ಸಂತೆಕಲ್ಲೂರಿನ ಪಟವಾರಿ ಗುಂಡೇರಾಯರು ಓಟಿನ ಪಟ್ಟಿ ಬರೆಯಲು ಮನೆ ಮನೆ ತಿರುಗುತ್ತಾರೆ. ಬಂದವರು ಮೊದಲು ಟವಲಿನಿಂದ ಕಟ್ಟೆ ಝಾಡಿಸುತ್ತಾರೆ, ಆಮೇಲೆ ಕನ್ನಡಕ ಒರೆಸುತ್ತಾರೆ, ಆಮೇಲೆ ಹೊಸ ಸರ್ಕಾರವನ್ನು ಬೈಯುತ್ತಾರೆ. ನಿಜಾಮರ ಕಾಲದಲ್ಲಿ ಹೆಂಗಸರ ಹೆಸರು ಯಾರಿಗೂ ಬೇಕಿರಲಿಲ್ಲವಂತೆ. ಈಗ ಅವರ ಹೆಸರೂ ಬೇಕು, ಗಂಡನ ಹೆಸರೂ ಬೇಕು. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಪಕ್ಕದ ಮನೆಯ ಜಂಬಮ್ಮ, "ಊರ ಮುಂದಿನ ಗುಡಿಯಾಗ ಕುಂತಾನಲ್ರಿ, ಅವನ ಹೆಸರೇ" ಅಂದಳು. "ಗುಡಿಯಾಗ ಪೂಜಾರಿನೂ ಕುಂತಾನ ಬೇ, ಅವನ್ನ ಬರೀಲೇನು?" ಅಂದರು ರಾಯರು. ಹೀಗೆ ಒಂದು ಓಣಿಗೆ ಮೂರು ದಿನ ಹಿಡಿಯಿತು. ನಮ್ಮ ಮನೆಗೆ ಬಂದಾಗ ಮಾತ್ರ ಅವರು ಏನೂ ಕೇಳಲಿಲ್ಲ. ಬೈಯಲೂ ಇಲ್ಲ. ತಾವೇ ಬರೆದು, ಜೋರಾಗಿ ಓದಿದರು: "ಶೇಖಮ್ಮ, ಗಂಡ ತಾಯಪ್ಪ." ನಮ್ಮನೆಯವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂದಿನಿಂದ ನನ್ನೆದುರು ಆ ಹೆಸರನ್ನು ಯಾರೂ ಎತ್ತಿರಲಿಲ್ಲ. ನಾನಂತೂ ಎತ್ತುವ ಹಾಗಿಲ್ಲ. "ಸರಿಯಾಗಿ ಕೇಳಿಸಲಿಲ್ರಿ, ಇನ್ನೊಮ್ಮೆ ಓದ್ರಿ" ಅಂದೆ. ರಾಯರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.