ಬಣ್ಣ ಹೋಗದ ಸೀಸೆ

ದೇವರಮನೆಯ ಕಿಟಕಿಗೆ ಹೊಸ ಬಣ್ಣ ಹೊಡೆಸಿದ ಮರುದಿನ, ನೆಲಕ್ಕೆ ಬಿದ್ದ ಹನಿಗಳನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಉಜ್ಜುತ್ತಿದ್ದಾಗ ಅಕ್ಕನ ಫೋನು ಬಂತು. ಅವಳ ಎದೆಯಲ್ಲಿ ಸಿಕ್ಕ ಗಂಟಿನ ಚೂರನ್ನು ಪರೀಕ್ಷೆಗೆ ಕಳಿಸಿದ್ದರು. ವರದಿ ಅಂದೇ ಬರಬೇಕಿತ್ತು. ಎತ್ತಲು ಧೈರ್ಯ ಸಾಲದೆ, ಕೈ ಒರೆಸಿಕೊಳ್ಳುವ ನೆವದಲ್ಲಿ ತಡಮಾಡಿದೆ. ಫೋನು ಬಡಿದುಕೊಂಡು ಸುಮ್ಮನಾಯಿತು. ಮೂಗಿನ ತುಂಬ ಟರ್ಪೆಂಟೈನಿನ ಘಾಟು. ನಾವು ಬೆಳೆದ ಕೆಸರೆಯ ಹೆಂಚಿನ ಮನೆಯ ವಾಸನೆ.

ಅಪ್ಪನಿಗೆ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಬಣ್ಣ ಬಳಿಯುವ ಕೆಲಸ. ಸಂಜೆ ಅವರಿಗಿಂತ ಮೊದಲು ಆ ವಾಸನೆಯೇ ಹೊಸಿಲು ದಾಟಿ ಬರುತ್ತಿತ್ತು. ಪಿಯುಸಿ ಓದುತ್ತಿದ್ದ ಅಕ್ಕ ಒಂದು ಭಾನುವಾರ ಅಪ್ಪನ ಹತ್ತಿರ ಕೊಂಚ ಟರ್ಪೆಂಟೈನ್ ಕೇಳಿ ತಂದು, ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಎರಡು ಸೀಸೆ ಇಟ್ಟಳು. ಎರಡರಲ್ಲೂ ಗುಲಾಬಿ ಬಣ್ಣದ ನೀರು: ಅಮ್ಮ ಸೊಪ್ಪು ತೊಳೆಯಲು ಇಟ್ಟುಕೊಂಡಿದ್ದ ಪರ್ಮಾಂಗನೇಟಿನ ಹರಳು, ಜೊತೆಗೆ ಚಿಟಿಕೆ ವಾಷಿಂಗ್ ಸೋಡಾ. ಒಂದಕ್ಕೆ ಟರ್ಪೆಂಟೈನ್ ಹಾಕಿ ಕುಲುಕಿದಳು. ಗುಲಾಬಿ ಮಾಯವಾಗಿ ಕಂದು ಗಸಿ ನಿಂತಿತು. ಇನ್ನೊಂದಕ್ಕೆ, ಅಮ್ಮನ ಮಲಬದ್ಧತೆಗೆಂದು ಡಾಕ್ಟರು ಕೊಟ್ಟಿದ್ದ ಪ್ಯಾರಾಫಿನ್ ಎಣ್ಣೆ. ಎಷ್ಟು ಕುಲುಕಿದರೂ ಗುಲಾಬಿ ಗುಲಾಬಿಯೇ.

"ನನ್ನ ಔಷ್ದೀನೂ ಬುಡ್ಲಿಲ್ವಾ? ಏನೂ ಆಗ್ದೇ ಇರೋದ್ನ ನೋಡ್ತಾ ಕೂತಿದ್ದೀರಲ್ಲ, ಎದ್ದು ಅವರೆಕಾಯಿ ಸುಲೀರೇ," ಎಂದಳು ಅಮ್ಮ.

"ಏನೂ ಆಗ್ದೇ ಇರೋದೂ ಒಂದು ಉತ್ತರ ಕಣಮ್ಮ. ಟರ್ಪೆಂಟೈನ್ ಅಪರ್ಯಾಪ್ತ. ಅದರ ಕೈ ಖಾಲಿ, ಸಿಕ್ಕಿದ್ದಕ್ಕೆಲ್ಲ ಚಾಚುತ್ತೆ. ನಿನ್ನ ಎಣ್ಣೆ ಪರ್ಯಾಪ್ತ. ಕೈ ತುಂಬಿದೆ, ಏನೂ ಬೇಡ ಅನ್ನುತ್ತೆ."

"ಅಂಗಾದ್ರೆ ನಿಮ್ಮಪ್ಪ ಟರ್ಪೆಂಟೈನೇ ಬುಡು. ಎಷ್ಟು ಕಾಫಿ ಕೊಟ್ರೂ ಇನ್ನೊಂದು ಲೋಟ ಅಂತಾರೆ."

"ಕೇಳಿಸ್ತು ಕಣೇ," ಎಂದು ಒಳಗಿನಿಂದ ಅಪ್ಪನ ದನಿ.

ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಆ ಮನೆ ಇದ್ದಲ್ಲಿ ಈಗ ಯಾರದೋ ಮಹಡಿ ಮನೆ. ಒಗೆಯುವ ಕಲ್ಲು ಎಲ್ಲಿ ಹೋಯಿತೋ. ಅಂಥದೊಂದು ಕಲ್ಲು ನಿಮ್ಮ ಹಿತ್ತಿಲಲ್ಲೂ ಇದ್ದಿರಬೇಕು, ನಿಮಗೆ ಗೊತ್ತಾಗುತ್ತದೆ. ಆ ಹಿತ್ತಿಲನ್ನು ಕಂಡವರಲ್ಲಿ ನನಗೆ ಉಳಿದಿರುವವಳು ಅಕ್ಕ ಒಬ್ಬಳೇ. ಅವಳನ್ನು ಉಳಿಸಿಕೊಡು ತಾಯಿ ಎಂದು ದೇವರಿಗೆ ಕೈಚಾಚುವಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಎತ್ತಿದೆ.

"ಎಲ್ಲೇ ಸತ್ತಿದ್ದೆ?" ಎಂದಳು ಅಕ್ಕ. ಆಮೇಲೆ ಮೆಲ್ಲಗೆ, "ಏನೂ ಇಲ್ವಂತೆ ಕಣೇ. ಬರೀ ಕೊಬ್ಬಿನ ಗಂಟಂತೆ. ಗುಲಾಬಿ ಗುಲಾಬಿಯಾಗೇ ಇದೆ."

ಫೋನಿಟ್ಟು ದೇವರ ಮುಂದೆ ನಿಂತೆ, ಇನ್ನೇನನ್ನೂ ಕೇಳಬೇಕೆನಿಸಲಿಲ್ಲ. ಸೋಪು ಹಾಕಿ ಕೈತೊಳೆದು, ಅವರೆಕಾಯಿ ಸುಲಿಯಲು ಕೂತೆ.